ಒತ್ತಿದ್ರೂ ಹೋಗದ ಬಣ್ಣ

ಮೊದಲ ನೋಡಿದಾಕಿ ಹಂಪವ್ವ, ನಳದ ಕಟ್ಟಿ ಹತ್ತರ.
ಸೀರಿ ಎತ್ತಿ ಕಟ್ಟಿ ಕೊಡ ತುಂಬತಿದ್ಲು ಬನವ್ವ.
ಮೀನಖಂಡದ ತುಂಬ ಸಾಸಿವಿ ಚೆಲ್ಲಿದಂಗ ಚುಕ್ಕಿ,
ಮೊಳಕಾಲ ಮ್ಯಾಲ ಒಂದು, ಅಂಗೈಯಷ್ಟು ಅಗಲ,
ಹಣ್ಣ ನೇರಳೆ ತುಳದಂಗ.
ಹಂಪವ್ವ ಏನೂ ಕೇಳಲಿಲ್ಲ.
ಕೇಳದ ಆ ಮಾತು
ಸಂಜೀದ್ರಾಗ ಗುಳೇದಗುಡ್ಡದ ನಾಕು ಓಣಿ ದಾಟಿತ್ತು.

ಮೂರನೇ ದಿನ ಕಮತಗಿಯಿಂದ ಬಂದ ಮಾಗುಂಡಪ್ಪ, ಆಕಿ ಅಣ್ಣ.
ಚಾ ಮುಟ್ಟಲಿಲ್ಲ. ಚಪ್ಪಲಿ ಬಿಡಲಿಲ್ಲ.
ನಾನು ಕುಣಿಮಗ್ಗದಾಗ ಕುಂತಿದ್ದೆ,
ಟೊಂಕದ ಮಟ ನೆಲದೊಳಗ.
ಅಂವ ಮ್ಯಾಲ ನಿಂತಿದ್ದ.
"ಕೈ ತೋರ್ಸು."
ತೋರಿಸಿದೆ. ಉಗುರಿನ ಸಂದ್ಯಾಗ ಖಣದ ಕೆಂಪು.
"ನಾ ಹೊಡದಿಲ್ಲೋ ಮಾರಾಯಾ."
ತಂಗಿ ಕಡೆ ತಿರುಗಿದ: "ಹೌದೇನವಾ?"

ಬನವ್ವ ತಡದ್ಲು.
ಲಾಳಿ ಈ ದಂಡಿಯಿಂದ ಆ ದಂಡಿಗೆ ಹೋಗೋವಷ್ಟು, ಅಷ್ಟ.
"ಇಲ್ಲಣ್ಣಾ. ಹೊಡದಿಲ್ಲ."
ಆಕಿ ತಡದದ್ದು ಯಾಕ ಅನ್ನೋದು
ನಮ್ಮಿಬ್ಬರನ್ನ ಬಿಟ್ರ ಗ್ವಾಡಿಗಷ್ಟ ಗೊತ್ತು.

ಬಾಗಲಕೋಟಿ ದವಾಖಾನಿಯ ಡಾಕ್ಟರಬಾಯಿ ನಮ್ಮ ಮಗಳ ವಾರಿಗೀಕಿ.
ಮೊದಲು ನನ್ನ ಹೊರಗ ಕಳಿಸಿದ್ಲು.
ಒಳಗ ಏನು ಕೇಳಿದ್ಲು ಅನ್ನೋದು
ಬಾಗಿಲ ಆಚೆ ನಿಂತ ಗಂಡಸಿಗೆ ಯಾರೂ ಹೇಳಬೇಕಾಗಿಲ್ಲ.
ಮತ್ತ ಕರದು, ಗಾಜಿನ ಪಟ್ಟಿಯೊಂದ
ಚುಕ್ಕಿ ಮ್ಯಾಲ ಇಟ್ಟು ಒತ್ತಿ ಹಿಡದ್ಲು:
"ನೋಡ್ರಿ ಕಾಕಾ, ಬರೇ ಕೆಂಪಾಗಿದ್ರ ಒತ್ತಿದಾಗ ಬೆಳ್ಳಗಾಗತೈತಿ.
ಇದು ಹೋಗೂದಿಲ್ಲ.
ರಕ್ತ ನಾಳ ಬಿಟ್ಟು ಬಂದು ತೊಗಲಿನ ಕೆಳಗ ಕುಂತೈತಿ."
ನೂಲಿಗೆ ಹಿಡದ ಬಣ್ಣ ಹೆಂಗ ಹೋಗೂದಿಲ್ಲ
ಅನ್ನೋದು ನನಗ ಕಲಿಸಬೇಕೇನು.

ಆಮ್ಯಾಲ ಪ್ರಶ್ನಿ.
ಮೊಳಕಾಲ ನೋವಿಗೆ ಗುಳಿಗಿ ನುಂಗ್ತೀರೇನು?
ರಕ್ತ ತೆಳು ಮಾಡೋ ಗುಳಿಗಿ?
ಜ್ವರ ಬಂದಿತ್ತೇನು, ಡೆಂಗಿ ಪಂಗಿ?
ಹಲ್ಲು ತಿಕ್ಕುವಾಗ ವಸಡಿನಾಗ ರಕ್ತ?
ತಿಂಗಳದ್ದು ಎಷ್ಟು ದಿನ?
"ಹನ್ನೊಂದು," ಅಂದ್ಲು ಬನವ್ವ.
ಇಪ್ಪತ್ತೆಂಟು ವರ್ಷ ಒಂದ ಸೂರು. ನನಗ ಗೊತ್ತಿರಲಿಲ್ಲ.

ಮುದುಕರ ಮುಂಗೈಗೆ ಸುಮ್ಮನೂ ಬೀಳತಾವಂತ,
ಹಳೇ ಧೋತ್ರದಂಗ ತೊಗಲು ಸವದಿರತೈತಿ.
ಲಿವರ್ ಕೆಟ್ರೂ ಬೀಳತಾವು,
ಹಣ್ಣು ಹಂಪಲ ಕಾಣದ ಮೈಗೂ.
ಇನ್ನ ಎಲುಬಿನೊಳಗಿನ ಮಜ್ಜಿ ಏನಾರ ಕೆಟ್ಟಿದ್ರ...
ಅಲ್ಲಿಗೆ ಬಾಯಿ ಕಟ್ಟಿದ್ಲು. "ಮೊದಲು ರಕ್ತ ನೋಡೂಣು."

ಒಂದೂವರಿ ಲಕ್ಷ ಇರಬೇಕಾದಲ್ಲಿ ಒಂಬತ್ತು ಸಾವಿರ.
ಪ್ಲೇಟ್‌ಲೆಟ್ ಅಂದ್ರ ಏನು ಅಂತ ಆಕಿ ಹೇಳಿದ್ದು
ನಾನು ಮಗ್ಗದ ಮಾತಿಗೆ ತಂದ್ಕೊಂಡೆ:
ಮೈಯೊಳಗ ದಿನಾ ಎಳಿ ಹರೀತಾವು, ಎಲ್ಲಾರಿಗೂ,
ಹರದಲ್ಲಿ ಓಡಿ ಬಂದು ಗಂಟು ಹಾಕೋ ಹುಡುಗ್ರು ಅವು.
ಬನವ್ವನ ಮೈ ಈಗ ಮನಿಯ ಹುಡುಗರನ್ನ
ಕಳ್ಳರಂತ ತಿಳದು ತಾನ ಹೊಡದು ಹಾಕತೈತಿ.
"ಯಾಕ್ರೀ?"
"ಒಮ್ಮೊಮ್ಮೆ ಕಾರಣ ಸಿಗೂದಿಲ್ಲ ಕಾಕಾ."

ಗುಳಿಗಿ ಹಿಡೀತು. ಮುಖ ಉಬ್ಬಿತು, ಹಸಿವು ಹೆಚ್ಚಾತು,
ಇಳದ ಇಳದ ನೇರಳೆ ಹಸರಾತು, ಹಸರು ಅರಿಷಿಣ.
ಮಾಗುಂಡಪ್ಪ ಫೋನಿನಾಗ ಅಂದ: "ತಪ್ಪು ತಿಳಕೋಬ್ಯಾಡ."
ನಾನು ತಪ್ಪು ತಿಳಕೊಂಡಿರಲಿಲ್ಲ.

ಮಗಳು ತೊಟ್ಟಿಲದಾಗ ಇದ್ದ ವರ್ಷ
ಹಾಸು ಹರದ ಒಂದು ಸಂಜಿ
ಒಮ್ಮೆ, ಎಡಗಪಾಳಕ್ಕ.
ಅವತ್ತು ಏನೂ ಮೂಡಲಿಲ್ಲ.
ಆಕಿ ಹುಡುಗ್ರು ಆಗ ಲಕ್ಷಗಟ್ಲೆ ಇದ್ರು.
ರಾತ್ರೋರಾತ್ರಿ ಗಂಟು ಹಾಕಿ ಮುಚ್ಚಿಬಿಟ್ರು,
ಮುಂಜಾನೆ ನಳದ ಹತ್ತರ ಹಂಪವ್ವಗೂ ಕಾಣದಂಗ.
ಹೊಡದಾಗ ಯಾರೂ ಕೇಳಲಿಲ್ಲ.

ನಿನ್ನೆ ಆಕಿ ಕಾಲು ಚಾಚಿ ಕುಂತಾಗ
ಉಳದ ಒಂದು ಚುಕ್ಕಿ ಮ್ಯಾಲ ಹೆಬ್ಬಟ್ಟು ಇಟ್ಟೆ,
ಹಗುರಕ ಒತ್ತಿದೆ.
"ಏನು ನೋಡತೀರಿ?"
"ಹೋತೇನು ಅಂತ."
"ಯಾವುದು?" ಅಂದ್ಲು ಬನವ್ವ.